ಗೆರಟೆಯೋಲೆಯ ರಂಜನಿ

ಬೀಜಾಡಿಯ ರಂಜನಿ ತೆಂಗಿನ ಗೆರಟೆಯಿಂದ ಕಿವಿಯೋಲೆ ಮಾಡಿ ಮಾರುತ್ತಾಳೆ, ಆದರೆ ಓಲೆ ಎಂದರೆ ಅವಳಿಗೆ ಸಿಟ್ಟು, ಕಲಾಕೃತಿ ಎನ್ನಬೇಕು. ಇನ್‌ಸ್ಟಾಗ್ರಾಮಿನಲ್ಲಿ "ನಮ್ಮ ತಂಡ" ಎಂದು ಬರೆಯುತ್ತಾಳೆ. ತಂಡವೆಂದರೆ ಅವಳು ಮತ್ತು ಗೊಣಗುತ್ತ ಪೊಟ್ಟಣ ಕಟ್ಟುವ ಅಮ್ಮ. ನೆಂಟರ ಮನೆಯ ಊಟಕ್ಕೆ ಹೋದರೆ ಪಾಯಸ ಬಡಿಸುವ ಮೊದಲೇ ಎದ್ದು ಹಿತ್ತಲಿನ ಗೆರಟೆ ಆರಿಸಲು ಹೋಗುತ್ತಾಳೆ. ಬಚ್ಚಲ ಒಲೆಗೆ ಗೆರಟೆ ಹಾಕುವವರನ್ನು ಕೊಲೆಗಾರರಂತೆ ನೋಡುತ್ತಾಳೆ. ಒಮ್ಮೆ ಒಂದೊಂದು ಜೋಡಿಯನ್ನೂ ಎರಡೆರಡು ದಿನ ಉಜ್ಜಿ, ಕನ್ನಡಿಯಂತೆ ಹೊಳೆಯಿಸಿ, ಬ್ರಹ್ಮಾವರದ ಮೇಳಕ್ಕೆ ಒಯ್ದಳು. ಹೆಂಗಸೊಬ್ಬಳು ತಿರುಗಿಸಿ ನೋಡಿ, "ಹ್ವಾಯ್, ಇದ್ ಮಿಷನ್ನಂಗ್ ಮಾಡ್ದದ್ ಅಲ್ದಾ? ಕೈಯಂಗ್ ಮಾಡ್ರೆ ಇಷ್ಟ್ ನೈಸ್ ಬತ್ತಾ?" ಎಂದು ಕೆಳಗಿಟ್ಟು ಹೋದಳು. ಅಂದು ಒಂದೂ ಮಾರಾಟವಾಗಲಿಲ್ಲ. ಆಮೇಲಿಂದ ರಂಜನಿ ಪ್ರತಿ ಓಲೆಯನ್ನೂ ಅಷ್ಟೇ ನಯವಾಗಿ ಮುಗಿಸಿ, ಕೊನೆಗೆ ಅರ ಹಿಡಿದು ಅಂಚಿನಲ್ಲಿ ಒಂದು ಗೀರು ಎಳೆಯುತ್ತಾಳೆ, ಕೈಕೆಲಸವೆಂದು ಗಿರಾಕಿಗೆ ನಂಬಿಕೆ ಬರಲೆಂದು. ಈಗ ಚೆನ್ನಾಗಿ ಹೋಗುತ್ತಿವೆ. "ಗೀರೂಕ್ ಎಂತ ಕಲೆ ಬೇಕ್? ಇತ್ಲಾಗ್ ಕೊಡ್, ನಾ ಗೀರ್ತೆ" ಎಂದು ಅಮ್ಮ ಕೈ ಚಾಚಿದರೆ ಮಾತ್ರ ಕೊಡುವುದಿಲ್ಲ. "ಬ್ಯಾಡ ಅಮ್ಮಾ, ಹಾಳ್ ಮಾಡೂದಾರೂ ನಾನೇ ಮಾಡ್ಕ್" ಎಂದು ಬೆನ್ನು ತಿರುಗಿಸಿ ಕೂರುತ್ತಾಳೆ.