ಅಮಾವಾಸ್ಯೆ ಪೂಜೆಯೂ ಏಳಲೊಲ್ಲದ ಸ್ವಿಚ್ಚೂ

ಮೇಲವಂಕಿಯ ಕಾಡವ್ವನ ಮಗಳು ನಂದಿನಿ ಕೇಬಲ್ ಎಳೆಯಲು ಮೊದಲ ಸಲ ಕಂಬ ಹತ್ತಿದಾಗ ಕೆಳಗೆ ನಿಂತವರು ನಕ್ಕಿದ್ದರು. ನಗುವವರಿಗೇನು, ಹತ್ತುವ ಕಷ್ಟ ಅವರದಲ್ಲವಲ್ಲ! ಡಿಪ್ಲೊಮಾ ಮುಗಿಸಿ, ಗೋಕಾಕದ ಕೇಬಲ್ ಆಫೀಸಿನಲ್ಲಿ ಕೆಲವು ವರ್ಷ ದುಡಿದು, ಈಗ ಅವಳು ಸ್ವಂತ ಕೆಲಸ ಹಿಡಿದಿದ್ದಾಳೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಸ್ಕೂಟಿಯ ಮೇಲೆ ಸುತ್ತಿ, ಅಂಗಡಿ ಸೊಸೈಟಿಗಳಲ್ಲಿ ಕೆಟ್ಟ ಇಂಟರ್‌ನೆಟ್ ಸರಿಮಾಡಿಕೊಡುತ್ತಾಳೆ. ಎಲ್ಲ ಚಿಲ್ಲರೆ ಕೆಲಸ. ಹತ್ತರಗಿ ಕಡೆಯ ಸಕ್ಕರೆ ಕಾರ್ಖಾನೆಯ ಗುತ್ತಿಗೆ ಸಿಕ್ಕಿದ ಮೇಲೆಯೇ ಜನ ಅವಳನ್ನು ಲೆಕ್ಕಕ್ಕೆ ಹಿಡಿದದ್ದು. ಅದೊಂದು ಕೈತಪ್ಪಿದರೆ ಮತ್ತೆ ಯಾರದೋ ಕೈಕೆಳಗೆ ನಿಲ್ಲಬೇಕು.

ಆ ಗುತ್ತಿಗೆಗೇ ಈಗ ಕುತ್ತು ಬಂದಿತ್ತು. ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾದಿಂದ ತೂಕವನ್ನು ಆಫೀಸಿನ ಕಂಪ್ಯೂಟರಿಗೆ ಮುಟ್ಟಿಸುವುದು ನೆಟ್‌ವರ್ಕ್ ಸ್ವಿಚ್ಚು ಎಂಬ ಒಂದು ಪೆಟ್ಟಿಗೆ. ಅದನ್ನು ಬಂದ್ ಮಾಡಿದರೆ ಮತ್ತೆ ಏಳಲು ಅರ್ಧ ಗಂಟೆ ಹಿಡಿಯುತ್ತಿತ್ತು. ಹಂಗಾಮಿನಲ್ಲಿ ಅದನ್ನು ಬಂದ್ ಮಾಡುವುದು ಅಮಾವಾಸ್ಯೆಗೆ ಮಾತ್ರ. ಕಾಟಾ ನೋಡಿಕೊಳ್ಳುವ ಲಕ್ಕಪ್ಪ ಅಂದು ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ಅರಿಸಿನದ ಭಂಡಾರ ಹಚ್ಚಿ ಪೂಜೆ ಮಾಡಿ, ಕಾಯಿ ಒಡೆದು ಮತ್ತೆ ಶುರು ಮಾಡುತ್ತಿದ್ದ. ಫೋನು ಹೋಗಿ ನಂದಿನಿ ಬರುವಷ್ಟರಲ್ಲಿ ಸ್ವಿಚ್ಚು ಏನೂ ಆಗೇ ಇಲ್ಲವೆಂಬಂತೆ ಎದ್ದು ಕೂತಿರುತ್ತಿತ್ತು. ಟ್ರ್ಯಾಕ್ಟರುಗಳ ಸಾಲು ಮಾತ್ರ ಹೆದ್ದಾರಿ ಮುಟ್ಟಿರುತ್ತಿತ್ತು.

ವೈರು ಬದಲಿಸಿದಳು, ಪ್ಲಗ್ಗು ಬದಲಿಸಿದಳು, ಪ್ರಯೋಜನವಾಗಲಿಲ್ಲ. ಕೊನೆಗೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, “ಲಕ್ಕಪ್ಪ ಕಾಕಾ ಹಾಕೋ ಭಂಡಾರ ಒಳಗ ಹೊಕ್ಕಿರಬೇಕ್ರಿ” ಎಂದು ಮ್ಯಾನೇಜರ್ ಗೊಮ್ಮಟೇಶರಿಗೆ ಹೇಳಿಬಿಟ್ಟಳು. ಅವರು ಅಂದೇ ಪೂಜೆ ನಿಲ್ಲಿಸಿದರು. “ಇನ್ನೊಮ್ಮೆ ಹಿಂಗಾತಂದ್ರ ಬೆಳಗಾವಿ ಕಂಪನಿಯವರನ್ನ ಕರಸ್ತೀನಿ” ಎಂದು ಅವಳಿಗೂ ಸೇರಿಸಿ ಹೇಳಿದರು.

ಲಕ್ಕಪ್ಪ ಅವಳ ಜೊತೆ ಮಾತು ಬಿಟ್ಟ. ಒಂದು ಮಧ್ಯಾಹ್ನ ಅವಳು ಸ್ವಿಚ್ಚಿನ ಗಾಳಿಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಅರಿಸಿನದ ಒಂದು ಕಣವೂ ಇಲ್ಲ.

“ಏನ್ ಹುಡುಕಾಕತ್ತೀರಿ?” ಹಿಂದಿನಿಂದ ಲಕ್ಕಪ್ಪ ಕೇಳಿದ. “ಪೂಜಿಗಿಂತ ಮೊದಲ ಅದಕ್ಕ ಅರಿವಿ ಹೊಚ್ಚತೇನ್ರಿ. ಮಶೀನದಾಗ ಭಂಡಾರ ಹೋಗಬಾರದು ಅನ್ನೂದು ನನಗೂ ತಿಳಿತೈತಿ. ಒಂದ್ ಮಾತ್ ಕೇಳಿದ್ರ ಹೇಳತಿದ್ನಿ.”

ನಂದಿನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಗುತ್ತಿಗೆಯೇನೋ ಉಳಿಯುತ್ತಿತ್ತು, ತಪ್ಪು ಲಕ್ಕಪ್ಪನ ತಲೆಯ ಮೇಲೇ ಇರುತ್ತಿತ್ತು. ಅವಳು ನೇರ ಗೊಮ್ಮಟೇಶರ ಮುಂದೆ ಹೋಗಿ ನಿಂತಳು.

“ಕಾಕಾಂದು ಏನೂ ತಪ್ಪಿಲ್ರಿ ಸರ್. ನಾ ನೋಡದ ಹೇಳೇನಿ.”

“ಹಂಗಾದ್ರ ಕಾರಣ ಏನ್ರಿ?”

“ಗೊತ್ತಿಲ್ರಿ. ಅದು ಏಳೂದನ್ನ ಮೊದಲಿಂದ ನಾ ಒಮ್ಮೆನೂ ನೋಡಿಲ್ಲ. ಈ ಅಮಾಸಿಗೆ ಪೂಜಿ ಮಾಡಾಕ ಬಿಡ್ರಿ, ಬಾಜೂಕ ಕುಂತು ನೋಡತೇನಿ. ತಿಳೀಲಿಲ್ಲಂದ್ರ ಬೆಳಗಾವಿಯವರನ್ನ ಕರೀರಿ.”

ಅಮಾವಾಸ್ಯೆಯ ಬೆಳಿಗ್ಗೆ ಲಕ್ಕಪ್ಪ ಎಲ್ಲ ಬಂದ್ ಮಾಡಿ ಆರತಿ ಎತ್ತಿದ. ನಂದಿನಿ ತನ್ನ ಲ್ಯಾಪ್‌ಟಾಪಿನ ವೈರನ್ನು ಸ್ವಿಚ್ಚಿಗೆ ಸಿಕ್ಕಿಸಿ ಕೂತಳು. ಗುಂಡಿ ಒತ್ತಿದ್ದೇ ಪರದೆಯ ಮೇಲೆ ಸಾಲುಗಳು ಓಡಿದವು, ಒಂದು ಕಡೆ ಬಂದು ಗಕ್ಕನೆ ನಿಂತವು. ಸ್ವಿಚ್ಚು ತನ್ನ ಸೆಟ್ಟಿಂಗನ್ನು ಯಾವುದೋ ಹಳೆಯ ಕಂಪ್ಯೂಟರಿನ ಹತ್ತಿರ ಕೇಳುತ್ತಿತ್ತು. ಆ ಕಂಪ್ಯೂಟರು ಗುಜರಿಗೆ ಹೋಗಿ ಯಾವ ಕಾಲವಾಗಿತ್ತೋ! ಕೇಳುವುದು, ಕಾಯುವುದು, ಮತ್ತೆ ಕೇಳುವುದು. ಸಾಕಾದ ಮೇಲೆ ತನ್ನೊಳಗೇ ಇದ್ದ ಸೆಟ್ಟಿಂಗನ್ನು ತೆಗೆದುಕೊಂಡು ಏಳುವುದು. ಅತ್ತೆ ಸತ್ತ ಮೇಲೂ ಒಲೆ ಹೊತ್ತಿಸಲು ಅವಳ ಅಪ್ಪಣೆಗೆ ಕಾದು ಕೂತ ಸೊಸೆಯಂತಿತ್ತು ಅದರ ಅವಸ್ಥೆ. ನಂದಿನಿಗೆ ನಗುವೇ ಬಂತು. ಯಾರನ್ನೂ ಕೇಳಬೇಡ, ನಿನ್ನದನ್ನೇ ನೋಡಿಕೊಂಡು ಏಳು ಎಂದು ಅದಕ್ಕೆ ಬರೆದಿಟ್ಟಳು.

ಆದರೆ ಖಚಿತವಾಗಬೇಕಲ್ಲ. ಹೊರಗೆ ಟ್ರ್ಯಾಕ್ಟರುಗಳು ಹಾರ್ನ್ ಬಾರಿಸುತ್ತಿದ್ದವು, ಗೊಮ್ಮಟೇಶರು ಬಾಗಿಲಲ್ಲಿ ನಿಂತಿದ್ದರು.

“ಇನ್ನೊಮ್ಮೆ ಬಂದ್ ಮಾಡಬೇಕ್ರಿ ಸರ್.”

“ಮತ್ತ ಅರ್ಧಾ ತಾಸೇನು? ಪೂಜಿ ಮುಗೀತಲ್ಲ!” ಅವರ ದನಿ ಏರಿತು.

ಲಕ್ಕಪ್ಪ ಕೈ ಚಾಚಿ ಗುಂಡಿ ಆರಿಸಿಯೇಬಿಟ್ಟ. “ಎಲ್ಲಿ ಮುಗದೈತ್ರಿ? ಕಾಯಿ ಇನ್ನೂ ಒಡದಿಲ್ಲ.”

ಖರೆ, ಕಾಯಿ ಅವನ ಕೈಯಲ್ಲೇ ಇತ್ತು. ಇಷ್ಟು ಹೊತ್ತು ಅವಳಿಗಾಗಿಯೇ ಅದನ್ನು ತಡೆದು ಹಿಡಿದಿದ್ದನೆಂದು ನಂದಿನಿಗೆ ಆಗ ತಿಳಿಯಿತು. ಗುಂಡಿ ಒತ್ತಿದಳು. ಊದಿನಕಡ್ಡಿ ಕಾಲು ಭಾಗವೂ ಉರಿದಿರಲಿಲ್ಲ, ಹಸಿರು ದೀಪಗಳು ಸಾಲಾಗಿ ಹತ್ತಿದವು. ಆಫೀಸಿನಿಂದ ತೂಕ ಬಂತೆಂದು ಫೋನೂ ಬಂತು. ಗೊಮ್ಮಟೇಶರು ಗಡಿಯಾರ ನೋಡಿದರು, ಅವಳನ್ನು ನೋಡಿದರು.

“ಮುಂದಿನ ಹಂಗಾಮಿಗೂ ನೀವ ಬರ್ರಿ” ಎಂದು ಹೇಳಿ ಹೋದರು.

“ತಪ್ಪಾತ್ರಿ ಕಾಕಾ” ಎಂದಳು ನಂದಿನಿ. ಲಕ್ಕಪ್ಪ ಕಾಯಿಯನ್ನು ಅವಳ ಮುಂದೆ ಹಿಡಿದ. ಆ ಕಾಟಾದಲ್ಲಿ ಅವನ ಹೊರತು ಯಾರೂ ಕಾಯಿ ಒಡೆದವರಲ್ಲ, ಹೆಣ್ಣುಮಕ್ಕಳಂತೂ ಇಲ್ಲವೇ ಇಲ್ಲ.

“ನಾ ಒಡೀಬೇಕೇನ್ರಿ?”

“ಪೂಜಿ ಉಳಿಸಿದಾಕಿ ನೀನ. ಒಡಿ, ಮಗಳ.”

ನಂದಿನಿ ಎರಡೂ ಕೈಯಿಂದ ಎತ್ತಿ ಕಲ್ಲಿಗೆ ಹೊಡೆದಳು.