ಶಾಣೇಕಿ ಅನ್ನೋ ಮಾತು

ನಮ್ಮ ಮೊಮ್ಮಗಳು ಆರಿಸಿ ಬಂದಾಳ. ಮೊನ್ನೆ ಮಂಗಳವಾರ ಮಧ್ಯಾಹ್ನ ಖಾನಾಪುರದಿಂದ ಮಗಳ ಫೋನ್ ಬಂತು. ಶಾಣ್ಯಾ ಮಕ್ಕಳಿಗಂತ ಬೆಳಗಾವಿಯಾಗ ಶನಿವಾರ, ರವಿವಾರ ಬೇರೆ ಪಾಠ ನಡಸ್ತಾರ, ಅದಕ್ಕ ಪರೀಕ್ಷೆ ಇಟ್ಟು ಎಲ್ಲೋ ನಾಕೈದು ಮಂದಿನ್ನ ತಗೋತಾರ. ಅದರಾಗ ನಮ್ಮಕಿ ಹೆಸರೂ ಬಂದೈತಿ. ನಾ ಚಪ್ಪಲಿ ಸೈತ ಹಾಕ್ಕೊಳ್ಳದ ವಡಗಾವಿಯ ನಮ್ಮ ಓಣಿಗೆ ಓಡಿದೆ. ಮಗ್ಗದ ಸಪ್ಪಳದಾಗ ಯಾರಿಗೂ ಕೇಳಸೂದಿಲ್ಲಂತ ಮನಿ ಮನಿ ಬಾಗಲಾಗ ನಿಂತು ಒದರಿ ಹೇಳಿದೆ. ಕಿವಿ ಮಂದಾದ ಬಾಜು ಮನಿ ಮುದುಕಿಗೆ ಎರಡು ಸಲ ಹೇಳಿ ಬಾಯಾಗ ಸಕ್ಕರಿ ಹಾಕಿದೆ. ಆಮ್ಯಾಲ ಮನಿಗೆ ಬಂದು ಕುಂತೆ. ಕುಂತ ಕೂಡ್ಲೇ ನಾಚಿಕಿ ಬಂತು. ಈ ಹುಡುಗಿ ಹೆಸರು ಒಮ್ಮೆ ಪಟ್ಟಿಯಿಂದ ಬಿದ್ದಿತ್ತು. ಬೀಳಿಸಿದಾಕಿ ನಾನೇ.

ನಾ ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಮಗ್ಗಕ್ಕ ಕುಂತಾಕಿ. ಕನ್ನಡ ಕೂಡಿಸಿ ಕೂಡಿಸಿ ಓದ್ತೀನಿ, ಇದನ್ನೂ ಹಂಗೇ ಬರಿಯಾಕ ಹತ್ತೀನಿ. ಮಗಳನ್ನ ಖಾನಾಪುರಕ್ಕ ಕೊಟ್ಟೀವಿ. ಅಕಿ, ಅಳಿಯ ಇಬ್ಬರೂ ಅಲ್ಲಿ ಹಂಚಿನ ಕಾರ್ಖಾನಿಗೆ ಹೋಗ್ತಾರ. ಅವರಿಗೆ ರಜಾ ಸಿಗದಿದ್ರ ಮೊಮ್ಮಗಳ ಸಾಲಿಗೆ ನಾನೇ ಬಸ್ ಹತ್ತಿ ಹೋಗೂದು.

ಆ ಪಾಠಕ್ಕ ಆರಸಾಕಂತ ಅಕಿ ಸಾಲಿ ಅಕ್ಕೋರು ಐದನೇ ಇಯತ್ತೆ ಮಕ್ಕಳಿಗೆಲ್ಲಾ ಮೊದಲು ಒಂದು ಹಾಳಿ ಕೊಟ್ಟಿದ್ರಂತ. ಅದರಾಗ ಅಕ್ಷರ ಇಲ್ಲ, ಬರೇ ಚಿತ್ರ. ಚೌಕ, ಗೋಲ, ಚುಕ್ಕಿ ಸಾಲಾಗಿ ಬರಕೋತ ಬಂದು ಕಡೀ ಜಾಗಾ ಖಾಲಿ ಬಿಟ್ಟಿರ್ತಾರ. ಅಲ್ಲಿ ಯಾವುದು ಕುಂದರ್ತದ ಅಂತ ಗುರ್ತು ಹಾಕಬೇಕು. ನಮ್ಮಕಿ ಎಲ್ಲಾರಕಿಂತ ಮೊದಲು ಮುಗಿಸಿ ಹಾಳಿ ಕೊಟ್ಟಾಳ. ಹೆಂಗ ಗೊತ್ತಾತು ಅಂತ ಅಕ್ಕೋರು ಕೇಳಿದ್ದಕ್ಕ, ಆಯಿ ನೇಯೋ ಸೀರಿ ಅಂಚಿನಾಗ ಒಂದು ಬುಟ್ಟಾ ಹೂ ತಪ್ಪಿದ್ರ ಕಾಣಂಗಿಲ್ಲೇನ್ರಿ, ಇದೂ ಹಂಗೇ ಅಂದಳಂತ. ಆಯಿ ಅಂದ್ರ ನಾನು.

ಅದಾದ ಮ್ಯಾಲ ಮನಿಯವರನ್ನ ಕರೆಸಿದ್ರು. ನಾ ಹೋದೆ. ಸಾಲಿಯವರು ಕರೆಸ್ಯಾರಂದ್ರ ಹುಡುಗಿ ಏನೋ ಕಿತಾಪತಿ ಮಾಡ್ಯಾಳ ಅಂತ ಅಂಜಿದ್ದೆ. ಯಾಕ ಕರೆಸೀರಿ ಅಂತ ಕೇಳೂವಷ್ಟು ಧೈರ್ಯ ಇಲ್ಲ. ಅಕ್ಕೋರು ಇನ್ನೊಂದು ಹಾಳಿ ತಗದು ಒಂದೊಂದೇ ಓದಿ ಕೇಳಾಕ ಹತ್ತಿದ್ರು. ಹೇಳಿದ್ದಕ್ಕ ವಾದ ಹಾಕ್ತಾಳೇನು. ಕೇಳಿದ್ದನ್ನೇ ಕೇಳ್ತಾಳೇನು. ಸಾಮಾನು ಬಿಚ್ಚಿ ಒಳಗೇನೈತಿ ನೋಡ್ತಾಳೇನು. ಕರೆದ್ರೂ ಕೇಳಸದಂಗ ಒಂದರಾಗ ಮುಳುಗಿರ್ತಾಳೇನು.

ಖರೇ ಹೇಳಬೇಕಂದ್ರ ಎಲ್ಲಾನೂ ಹೌದು. ದೀಪಾವಳಿಗೆ ಬಂದಾಗ ನಮ್ಮ ಗೋಡಿ ಗಡಿಯಾರ ಬಿಚ್ಚಿ ಚಾದರದ ಮ್ಯಾಲ ಹರವಿದ್ದಳು. ನಾ ಅಂಗೈಯಾಗ ಲಿಂಗ ಹಿಡಕೊಂಡು ಕಣ್ಣು ಮುಚ್ಚಿದ್ರ ಬಾಜು ಕುಂತು, ಒಳಗ ಏನ ಕಾಣ್ತದ ಆಯಿ, ಏನೂ ಕಾಣದಿದ್ರ ಯಾಕ ಮುಚ್ಚತಿ ಅಂತ ಕೇಳ್ತಾಳ. ಆದ್ರ ಅವತ್ತ ನಾ ಎಲ್ಲಾದಕ್ಕೂ ಇಲ್ರಿ, ಇಲ್ರಿ ಅನಕೋತ ಹೋದೆ. ಅಕ್ಕೋರ ಪೆನ್ನು ನಿಂತಿತು. ಹಾಳಿ ಬಾಜುಕ್ಕಿಟ್ಟು ಬಾಯಿಮಾತಿನ್ಯಾಗ ಕೇಳಿದ್ರು.

"ಅಲ್ಲಬೇ ಅಮ್ಮಾ, ಹುಡುಗಿ ಶಾಣೇಕಿ ಅದಾಳೋ ಇಲ್ಲೋ?"

ನಮ್ಮ ಕಡೆ ಈ ಮಾತಿಗೆ ಎರಡು ಮುಖ. ಬುದ್ಧಿವಂತಿಗೂ ಶಾಣೇಕಿ ಅಂತಾರ, ಅಧಿಕಪ್ರಸಂಗಿಗೂ ಶಾಣೇಕಿ ಅಂತಾರ. ನಾ ಮದಿವ್ಯಾಗಿ ಬಂದಾಗಿಂದ ನನ್ನ ಅತ್ತಿ, ಬಾಯಿ ತಗದ್ರ ಸಾಕು, ಭಾಳ ಶಾಣೇಕಿ ಬಂದಾಳ ನೋಡ್ರಿ ಅಂತಿದ್ದಳು. ನನ್ನ ಕಿವಿಗೆ ಅದು ಬೈಗಳಾಗೇ ಕುಂತೈತಿ.

"ಛೇ ಛೇ, ಇಲ್ರಿ ಅಕ್ಕೋರ. ನಮ್ಮ ಮನ್ಯಾಗ ಶಾಣ್ಯಾರು ಯಾರೂ ಇಲ್ರಿ. ಗರೀಬ, ಸೌಮ್ಯ ಹುಡುಗಿ, ಹೇಳಿದಷ್ಟ ಮಾಡ್ತಾಳ."

ಹೇಳಿ ಹೊಳ್ಳಿ ನೋಡಿದ್ರ ಬಾಗಲಾಗ ಮೊಮ್ಮಗಳು ನಿಂತಿದ್ದಳು. ಎಲ್ಲಾ ಕೇಳಿಸ್ಕೊಂಡಿದ್ದಳು. ಅಕ್ಕೋರು ಅಕಿಗೆ ಬೈಯೂದು ತಪ್ಪಿಸಿದೆ ಅಂತ ಮನಸಿನ್ಯಾಗ ನಾ ಹಿಗ್ಗಿದ್ದೆ, ಎಂಥಾ ಹುಚ್ಚಿ.

ಎಂಟು ದಿನಕ್ಕ ಪಟ್ಟಿ ಬಂತು, ಅಕಿ ಹೆಸರಿಲ್ಲ. ಚಿತ್ರದ ಹಾಳಿಯಾಗ ಎಲ್ಲಾ ಬರೋಬ್ಬರಿ ಐತಿ, ಮನಿಯವರು ಹೇಳಿದ ಹಾಳಿಯಾಗ ಎಲ್ಲಾದಕ್ಕೂ ಇಲ್ಲ ಅಂತ ಐತಿ, ಒಂದಕ್ಕೊಂದು ಕೂಡಂಗಿಲ್ಲ, ಅದಕ್ಕ ಬಿಟ್ಟಾರ ಅಂತ ಮಗಳು ಫೋನಿನ್ಯಾಗ ಹೇಳಿದಳು. ಹಂಗ್ಯಾಕ ಬರೆಸಿದಿ ಅವ್ವಾ ಅಂದಳು. ಅಲ್ಲಿ ನಾ ಎರಡನೇ ಸುಳ್ಳು ಹೇಳಿದೆ: ನಾ ಬರೋಬ್ಬರಿ ಹೇಳೀನಿ, ಅಕ್ಕೋರೇ ತಪ್ಪು ಬರಕೊಂಡಿರಬೇಕು. ಅಳಿಯ ಸಿಟ್ಟಿಗೆದ್ದು ಸೋಮವಾರ ಸಾಲಿಗೆ ಹೋಗಿ ಕೇಳ್ತೀನಿ ಅಂದ. ಬ್ಯಾಡ, ನಾನೇ ಹೋಗ್ತೀನಿ ಅಂದೆ. ಫೋನ್ ಇಡೂ ಮುಂದ ಮಗಳು ಅಂದಳು, "ಒಂದು ಸುಖ ನೋಡವ್ವಾ, ಹುಡುಗಿ ಈಗ ಭಾಳ ಗರೀಬ ಆಗ್ಯಾಳ. ಏನೂ ಕೇಳಂಗಿಲ್ಲ."

ಆ ಮಾತು ಕೇಳಿ, ಬಾಗಲಾಗ ನಿಂತಿದ್ದ ಹುಡುಗಿ ನನ್ನ ಕಣ್ಣ ಮುಂದ ಬಂದಳು.

ಸೋಮವಾರ ಮೊದಲನೇ ಬಸ್ಸಿಗೆ ಹೋದೆ. ಸಾಲಿ ಗೇಟ್ ತೆಗಿಯೂದಕ್ಕಿಂತ ಮೊದಲೇ ಹೋಗಿ ನಿಂತು, ಅಕ್ಕೋರು ಬಂದ ಕೂಡ್ಲೇ ಎಲ್ಲಾ ಹೇಳಿದೆ. ಅತ್ತಿ ಸುದ್ದಿ ಹೇಳಿದಾಗ ಅವರು ನಕ್ಕರು. ಹುಡುಗಿ ಬಾಗಲಾಗ ನಿಂತದ್ದು ಹೇಳಿದಾಗ ನಗಲಿಲ್ಲ. ಹಾಳಿ ಹೊಸದಾಗಿ ತುಂಬಿದ್ರು. ಬೆಳಗಾವಿಯ ಹಿಂದವಾಡಿಯಾಗ ಆ ಪಾಠದವರು ಒಬ್ಬೊಬ್ಬರನ್ನೇ ಕುಂದರ್ಸಿ ಮಾತಾಡಸ್ತಾರ, ಅಲ್ಲಿಗೆ ಕಳಸಾಕ ನಾ ಕೇಳಿ ನೋಡ್ತೀನಿ ಅಂದ್ರು. ಆದ್ರ ಕ್ಲಾಸಿನ್ಯಾಗೂ ಈಗ ಅಕಿ ಬಾಯಿ ಬಿಡವಲ್ಲಳು, ಅಲ್ಲೂ ಸುಮ್ಮ ಕುಂತಳಂದ್ರ ಯಾವ ಹಾಳಿಯಿಂದಾನೂ ಉಪಯೋಗಿಲ್ಲಬೇ ಅಂದ್ರು.

ಹಿಂದವಾಡಿಗೆ ಕರಕೊಂಡು ಹೋದಾಕಿನೂ ನಾನೇ. ಹೊರಗ ಬೆಂಚಿನ ಮ್ಯಾಲ ಕುಂತಿದ್ವಿ. ಅಕಿ ಕೈ ಕಟಗೊಂಡು, ನಾ ಹೇಳಿದಂಥಾ ಗರೀಬ ಹುಡುಗಿಯಾಗಿ ಕುಂತಿದ್ದಳು. ಇಷ್ಟು ವಯಸ್ಸಿಗೆ ಒಂದು ಕೂಸಿನ ಮುಂದ ತಪ್ಪು ಒಪ್ಪಕೊಳ್ಳೂದು ಎಷ್ಟು ಭಾರ ಅಂತ ಅವತ್ತ ತಿಳೀತು. ನೀ ಬಾಗಲಾಗ ನಿಂತ ದಿನ ಅಕ್ಕೋರ ಮುಂದ ನಾ ಸುಳ್ಳು ಹೇಳಿದೆ ಅಂದೆ.

ಅಕಿ ಕಟ್ಟಿದ ಕೈ ಬಿಚ್ಚಿದಳು. "ನಾ ಶಾಣೇಕಿ ಆದ್ರ ನಿನಗ ಸಿಟ್ಟು ಬರ್ತದೇನ ಆಯಿ?"

"ಇಲ್ಲವಾ. ಅಂಜಿ ಹಂಗಂದೆ. ನೀ ಕೇಳೂದು ನನಗ ಬೇಕು."

"ಮತ್ತ ಅಪ್ಪಗ ಹೇಳೀಯೇನು? ಅಂವ ಅಕ್ಕೋರನ್ನ ಬೈಯಾಕ ಹತ್ಯಾನ."

ನಾ ಉತ್ತರ ಕೊಡೂದರಾಗ ಒಳಗಿಂದ ಕರೆದ್ರು. ಭಾಳ ಹೊತ್ತಾದ ಮ್ಯಾಲ ಬಾಗಲ ತಗದ ಅಲ್ಲಿಯ ಹೆಣ್ಣಮಗಳು, ನಿಮ್ಮ ಹುಡುಗಿ ಉತ್ತರ ಹೇಳಿದ್ದಕ್ಕಿಂತ ನಮಗ ಪ್ರಶ್ನೆ ಕೇಳಿದ್ದೇ ಹೆಚ್ಚು ಅಂದ್ರು. ನನಗ ಅಲ್ಲೇ ಕುಣಿಬೇಕು ಅನಿಸಿತು.

ಫೋನ್ ಬಂದ ಆ ಮಂಗಳವಾರ ಸಂಜಿ ಮುಂದ ಖಾನಾಪುರದವರು ಮೂವರೂ ವಡಗಾವಿಗೆ ಬಂದ್ರು. ಹೋಳಿಗಿ, ಕಟ್ಟಿನ ಸಾರು, ಎಣ್ಣಿಗಾಯಿ ಮಾಡಿದ್ದೆ. ಮಗಳು ಬಡಸಾಕ ನಿಂತಳು, ನಮ್ಮ ಯಜಮಾನ್ರ ಕೂಡ ಉಳಿದವರೆಲ್ಲಾ ಸಾಲಾಗಿ ಕುಂತ್ವಿ. ಅಳಿಯ ನನ್ನ ಕಡೆ ತಿರುಗಿ, ಅಕ್ಕೋರು ಕೆಡಿಸಿದ್ದನ್ನ ನೀವು ಓಡಾಡಿ ಸರಿ ಮಾಡಿದ್ರಿ ಅಂದ. ಮೊಮ್ಮಗಳು ನನ್ನ ಮಾರಿ ನೋಡಿದಳು, ಬಾಯಿ ಬಿಡಲಿಲ್ಲ. ಅಕಿ ಬಿಡದಿದ್ದಕ್ಕೇ ನಾ ಬಿಡಬೇಕಾತು. ಕೆಡಿಸಿದಾಕಿ ನಾನು, ಅಕ್ಕೋರಲ್ಲ ಅಂತ ಮೊದಲಿಂದ ಹೇಳಿದೆ. ಮಗಳು ಸೌಟು ಹಿಡಕೊಂಡು ಹಂಗೇ ನಿಂತಳು.

ನಮ್ಮ ಯಜಮಾನ್ರೇ ಮೊದಲು ಬಾಯಿ ತಗದ್ರು. "ಶಾಣ್ಯಾರು ಯಾರೂ ಇಲ್ಲ ಅಂದೇನು? ನಿನ್ನ ಮಟ್ಟಿಗೆ ಖರೇನೇ ಹೇಳಿದಿ ಬಿಡು." ಮಗಳಿಗೆ ನಗು ಬಂತು. ಅಳಿಯ ನಗಲಿಲ್ಲ, ನಾಳೆ ಸಾಲಿಗೆ ಹೋಗಿ ಅಕ್ಕೋರಿಗೆ ಕೈ ಮುಗಿದು ಬರ್ತೀನಿ ಅಂದ. ನಾನೂ ಬರ್ತೀನಿ ಅಂದೆ. ಬರ್ರಿ ಅಂದು, ತನ್ನ ತಾಟಿನ ಬಾಜು ಇದ್ದ ತುಪ್ಪದ ಗಿಂಡಿ ನನ್ನ ಕಡೆ ಸರಿಸಿದ. ಎಲ್ಲಾರೂ ಉಣ್ಣಾಕ ಹತ್ತಿದ್ವಿ.