ಅಣ್ಣನ ಜವಾಬು

ಶಿಡ್ಲಘಟ್ಟದ ನಮ್ಮ ಮದುವೆ ಬ್ಯಾಂಡಿನಲ್ಲಿ ನಾನು ಕ್ಲಾರಿನೆಟ್ ಊದುತ್ತಿದ್ದೆ. ಉದ್ದ ಕೊಳವೆ ಎಳೆದು ಊದುವ ಟ್ರಾಂಬೋನಿಗೆ ಮಸೀದಿ ಬೀದಿಯ ಅಣ್ಣತಮ್ಮಂದಿರಿಬ್ಬರು. ಮುಹೂರ್ತವಿಲ್ಲದ ದಿನ ಇಬ್ಬರೂ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು.

ಐವತ್ತರ ದಶಕದ ಕೊನೆಯಲ್ಲಿ ರೇಷ್ಮೆ ಸಾಹುಕಾರರೊಬ್ಬರು ಬೆಂಗಳೂರು ದಂಡು ಪ್ರದೇಶದಿಂದ ಜಾಜ್ ಸಂಗೀತದ ಗ್ರಾಮಫೋನ್ ಪ್ಲೇಟೊಂದನ್ನು ತಂದರು. ಅದರ ತುಂಬ ಇಬ್ಬರು ಅಮೆರಿಕದವರ ಟ್ರಾಂಬೋನು. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಜವಾಬು ಕೊಡುತ್ತಾನೆ. ಸಾಹುಕಾರರಿಗೆ ಅದು ಎಮ್ಮೆ ಕೂಗಿದ ಹಾಗೆ ಕೇಳಿಸಿತಂತೆ. ಅಣ್ಣತಮ್ಮಂದಿರು ಮಾತ್ರ ಅವರ ಜಗುಲಿ ಬಿಟ್ಟು ಏಳಲಿಲ್ಲ. ಮುಂದಿನ ಮದುವೆಯ ಮೆರವಣಿಗೆಯಲ್ಲೇ ಸವಾಲು ಜವಾಬು ಶುರುವಾಯಿತು. ಸವಾಲು ತಮ್ಮನದು, ಜವಾಬು ಅಣ್ಣನದು. ಚಿಂತಾಮಣಿ, ಗೌರಿಬಿದನೂರಿನವರೂ "ಆ ಜೋಡಿ ಇದ್ರೆ ಮಾತ್ರ ಬನ್ನಿ" ಎನ್ನತೊಡಗಿದರು.

ಗೂಡಿನ ಹಬೆಯೋ ಬೀಡಿಯೋ, ಅಣ್ಣನ ಎದೆ ಕೆಟ್ಟಿತು. "ಊದೋದು ಬಿಡಿ, ಇಲ್ದಿದ್ರೆ ಉಳಿಯಲ್ಲ" ಎಂದರು ಡಾಕ್ಟರು. ಅಣ್ಣ ಬ್ಯಾಂಡು ಬಿಡಲಿಲ್ಲ, ಊದಲೂ ಇಲ್ಲ. ವಾದ್ಯ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಕೊಳವೆಯನ್ನು ಹಿಂದೆ ಮುಂದೆ ಎಳೆಯುತ್ತಿದ್ದರು ಅಷ್ಟೆ. ಸವಾಲು, ಜವಾಬು ಎರಡನ್ನೂ ತಮ್ಮನೇ ಊದಬೇಕಿತ್ತು. ಪಾಪ, ಉಸಿರಿಗೆ ಅವರು ಪಡುವ ಪಾಡು ನೋಡಲಾಗುತ್ತಿರಲಿಲ್ಲ.

ದಿಬ್ಬೂರಹಳ್ಳಿಯ ಮದುವೆಯೊಂದರಲ್ಲಿ, ಮೆರವಣಿಗೆ ನಡುದಾರಿಯಲ್ಲಿ ನಿಂತಾಗ, ಹೆಣ್ಣಿನ ತಂದೆ ಬಂದು ಅಣ್ಣನಿಗೇ ಶಾಲು ಹೊದಿಸಿಬಿಟ್ಟರು. "ಊದಿದ್ರೆ ನಿಮ್ಮಂಗೆ ಊದ್ಬೇಕು ಸಾಹೇಬ್ರೆ. ನಿಮ್ ತಮ್ಮನಿಗೂ ವಸಿ ಹೇಳ್ಕೊಡಿ!"

ನಾವು ತುಟಿ ಕಚ್ಚಿ ನಗು ತಡೆದೆವು. ಅಣ್ಣನ ಮುಖ ಕಪ್ಪಿಟ್ಟಿತು.

ಮೆರವಣಿಗೆ ಮತ್ತೆ ಹೊರಟಿತು. ತಮ್ಮ ಸವಾಲು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಪಕ್ಕದಿಂದಲೇ ಜವಾಬು ಬಂತು. ದಪ್ಪನೆಯ, ತುಂಬಿದ ಸ್ವರ. "ಭಾಯಿಜಾನ್, ಬೇಡ" ಎಂದು ತೋಳು ಹಿಡಿದರು ತಮ್ಮ. ಅಣ್ಣ ಕೊಡವಿಕೊಂಡು ಬೀದಿಯ ಕೊನೆವರೆಗೂ ಊದಿದರು. ಆಮೇಲೆ ಶಾಲಿನಿಂದ ಬಾಯಿ ಒರೆಸಿಕೊಂಡರು. ಶಾಲು ತುಂಬ ರಕ್ತ.

ಅಣ್ಣ ಆ ವಾರ ದಾಟಲಿಲ್ಲ. ಊರಿನ ಎಷ್ಟೋ ಹೆಣಗಳ ಮುಂದೆ ಊದಿದ್ದ ನಾವು ಅವರ ಜನಾಜಾ ಹೊತ್ತವರ ಹಿಂದೆ ಬರಿಗೈಯಲ್ಲಿ ನಡೆದೆವು. ಅವರಲ್ಲಿ ಸಾವಿಗೆ ವಾದ್ಯವಿಲ್ಲ. ಗೊತ್ತಿದ್ದೂ ನನಗೆ ಆ ಮೌನದ ಮೇಲೆ ಕೆಟ್ಟ ಸಿಟ್ಟು ಬಂತು.

ಮಣ್ಣು ಹಾಕಿ ವಾಪಸು ಬರುವಾಗ ತಮ್ಮ ಕೇಳಿದರು.

"ಅವತ್ತು ಜವಾಬು ಊದಿದ್ದು ಭಾಯಿಜಾನ್ ಅಂತ ನಿಂಗೆ ಗೊತ್ತಾಯ್ತು ಅಲ್ವೇನಪ್ಪ?"

"ಗೊತ್ತಾಗ್ದೆ ಇರ್ತದಾ ಭಾಯ್?"

"ಮದುವೆ ಮನೆಯೋರಿಗೆ?"

ಅವರಿಗೆ ಯಾವ ವ್ಯತ್ಯಾಸವೂ ತಿಳಿದಿರಲಿಲ್ಲ. "ಅವ್ರಿಗೂ ಗೊತ್ತಾಯ್ತು ಭಾಯ್" ಎಂದೆ.